ಆರ್‌ನಲ್ಲಿ ಡೇಟಾ ಸೇವ್ ಆಗೋದು ಲೇಟಾದ್ರ ಎಲ್ಲಿ ಹುಡುಕ್ಬೇಕು: ನನ್ನ ಅನುಭವ

ರಾಯಚೂರು ಮಾರ್ಕೆಟ್‌ಗೆ ಬರೋ ಹತ್ತಿ, ಭತ್ತ, ತೊಗರಿ ಆವಕದ ಲೆಕ್ಕ ಆರ್ ಅನ್ನೋ ಅಂಕಿ-ಅಂಶದ ಪ್ರೋಗ್ರಾಮಿಂಗ್ ಭಾಷೆಯಾಗ ಇಟ್ಕೊಂಡು ರೇಟು ಹೆಂಗ ಏರಿಳಿತಾವ ಅಂತ ನೋಡೋದು ನನ್ನ ಕೆಲಸ, ಲಕ್ಷಗಟ್ಲೆ ಸಾಲು ಅದಾವ. ಡೇಟಾನ ಫೈಲಿಗೆ ಬರಿಯೋ ಸೇವ್‌ಆರ್‌ಡಿಎಸ್ (saveRDS) ಕೊಟ್ರ ಮುಗಿಯೋದೇ ಇಲ್ಲ ಅನ್ನೋ ಹಂಗ ಆಗಿತ್ತು. ಜೊತೆಗಿರೋ ಹುಡುಗ "ಅಣ್ಣಾ, ಫಾಸ್ಟ್ ಡಿಸ್ಕು, ಎಸ್‌ಎಸ್‌ಡಿ ಹಾಕಿಸೋಣೇನ್ರಿ" ಅಂದ. "ತಡಿಯೋ ತಮ್ಮ, ಟೈಮ್ ಎಲ್ಲಿ ಹೋಗ್ತದ ಅಂತ ಮೊದ್ಲು ನೋಡೋಣ" ಅಂದೆ.

ನೋಡೋ ದಾರಿ ಸರಳ ಅದ. ಟೈಮ್ ಅಳಿಯೋ ಸಿಸ್ಟಮ್.ಟೈಮ್ ಒಳಗ, ಡೇಟಾನ ಬೈಟ್‌ಗಳಾಗಿ ಬದಲಾಯಿಸೋ ಸೀರಿಯಲೈಸ್ ಫಂಕ್ಷನ್ ಅಷ್ಟೇ ಓಡಿಸ್ರಿ, ಎಲ್ಲಿಗೆ ಬರೀಬೇಕು ಅಂತ ಹೇಳೋ ಕನೆಕ್ಷನ್ ಜಾಗಕ್ಕ ನಲ್ (NULL, ಅಂದ್ರ ಏನೂ ಇಲ್ಲ) ಕೊಡ್ರಿ, ಆಗ ಡಿಸ್ಕೂ ಇಲ್ಲ, ಫೈಲ್ ಸಣ್ಣದು ಮಾಡೋ ಕಂಪ್ರೆಷನ್ನೂ ಇಲ್ಲ. ಆಮೇಲೆ ಸೇವ್‌ಆರ್‌ಡಿಎಸ್‌ನ ಒಮ್ಮೆ ಕಂಪ್ರೆಸ್ ಫಾಲ್ಸ್ ಅಂತ, ಒಮ್ಮೆ ಹಂಗೇ ಓಡಿಸಿ ಹೋಲಿಸ್ರಿ. ಹಂಗೇ ಬಿಟ್ರ ಅದು ಜಿಜಿಪ್ (gzip) ಅನ್ನೋ ಕಂಪ್ರೆಷನ್ ಮಾಡ್ತದ, ನಮ್ಮಲ್ಲಿ ದೊಡ್ಡ ಪಾಲು ಅಲ್ಲೇ ಹೋಗ್ತಿತ್ತು. ದಿನಾ ತೆಗೆದು ಮುಚ್ಚೋ ಫೈಲಿಗೆ ಕಂಪ್ರೆಷನ್ ತೆಗೆದ್ವಿ, ವರ್ಷದ ಕೊನೆಗೆ ಎತ್ತಿಡೋದಕ್ಕ ಮಾತ್ರ ಎಕ್ಸ್‌ಜೆಡ್ (xz) ಅನ್ನೋ ಇನ್ನೊಂದು ಕಂಪ್ರೆಷನ್. ಅದು ಫೈಲ್ ಸಣ್ಣದು ಮಾಡ್ತದ ಆದ್ರ ಬಹಳ ನಿಧಾನ.

ಇಷ್ಟಾದ್ರೂ ಬರೀ ಸೀರಿಯಲೈಸ್‌ಗೇ ಟೈಮ್ ಜಾಸ್ತಿ ಹಿಡೀತಿತ್ತು. ಕಾರಣ ಪ್ರತಿ ಸಾಲಿನಾಗ ಇರೋ ತಾಲೂಕಿನ ಹೆಸರು. ಮೆಮೊರಿಯೊಳಗ ಆರ್ ಒಂದೇ ಹೆಸರನ್ನ ಒಂದೇ ಸಲ ಇಟ್ಕೊಂಡಿರ್ತದ, ಆದ್ರ ಬರಿಯುವಾಗ ಪ್ರತಿ ಸಾಲಿಗೂ ಪೂರ್ತಿ ಬರೀತದ. 'ಲಿಂಗಸುಗೂರು' ತಗೋರಿ, ಅಕ್ಷರಗಳನ್ನ ಬೈಟ್ ಮಾಡಿ ಇಡೋ ಯುಟಿಎಫ್-8 ಪದ್ಧತಿಯಾಗ ಅಕ್ಷರ, ಗುಣಿತದ ಚಿಹ್ನೆ, ಸೊನ್ನೆ ಒಂದೊಂದಕ್ಕೂ 3 ಬೈಟ್, ಒಟ್ಟು 30, ಮ್ಯಾಲ ಅದರ ಗುರುತು ಮತ್ತ ಉದ್ದ ಬರಿಯಾಕ 8, ಅಲ್ಲಿಗೆ ಸಾಲಿಗೆ 38 ಬೈಟ್. ಫ್ಯಾಕ್ಟರ್ ಮಾಡಿದ್ರ, ಅಂದ್ರ ಸಾಲಿನಾಗ ಹೆಸರಿನ ಬದಲು ಅದರ ನಂಬರ್ ಇಟ್ರ, ಸಾಲಿಗೆ 4 ಬೈಟ್ ಅಷ್ಟೇ, ಹೆಸರುಗಳ ಪಟ್ಟಿ ಒಂದೇ ಸಲ ಹೋಗ್ತದ. ಕನ್ನಡದಾಗ ಡೇಟಾ ಇಡೋರು ಇದನ್ನ ಗಮನಿಸ್ಲೇಬೇಕು. ಹೆಸರನ್ನ ಇಂಗ್ಲಿಷ್‌ಗೆ ಬದಲಾಯಿಸೋ ಜರೂರೇ ಇಲ್ರಿ, ಫ್ಯಾಕ್ಟರ್ ಮಾಡಿದ್ರ ಸಾಕು.

ಟೈಮ್ ಹೋಗೋ ಇನ್ನೊಂದು ಜಾಗ ಎಲ್‌ಎಮ್ (lm) ಮಾಡೆಲ್ಲು, ಅಂದ್ರ ಲೀನಿಯರ್ ರಿಗ್ರೆಷನ್ ಲೆಕ್ಕ. ತಾಲೂಕಿಗೊಂದು ಮಾಡೆಲ್ ಅಂತ ಫಂಕ್ಷನ್ ಒಳಗ ಮಾಡಿ ಲಿಸ್ಟಿಗೆ ಹಾಕಿದ್ವಿ, ಮೆಮೊರಿಯೊಳಗ ಎಷ್ಟು ಜಾಗ ಹಿಡೀತದ ಅಂತ ಹೇಳೋ ಆಬ್ಜೆಕ್ಟ್.ಸೈಜ್ ನೋಡಿದ್ರ ಸಣ್ಣದು, ಡಿಸ್ಕ್ ಮ್ಯಾಲ ಮಾತ್ರ ದೊಡ್ಡ ಫೈಲು! ಫಂಕ್ಷನ್ ಒಳಗ ಬರೆದ ಫಾರ್ಮುಲಾ (ಯಾವುದರಿಂದ ಯಾವುದನ್ನ ಅಂದಾಜು ಮಾಡ್ಬೇಕು ಅಂತ ಮಾಡೆಲ್‌ಗೆ ಹೇಳೋದು) ಆ ಫಂಕ್ಷನ್‌ನ ಎನ್ವಿರಾನ್ಮೆಂಟ್, ಅಂದ್ರ ಅದರೊಳಗಿರೋ ಡೇಟಾ ಎಲ್ಲಾ, ಇಡೀ ಹಿಡ್ಕೊಂಡಿರ್ತದ, ಅದರಾಗ ನಮ್ಮ ಪೂರ್ತಿ ಟೇಬಲ್ ಇತ್ತು, ಹಿಂಗಾಗಿ ಮಾಡೆಲ್‌ಗೊಂದು ಸಲ ಟೇಬಲ್ ಬರೀತಿತ್ತು. ಆಬ್ಜೆಕ್ಟ್.ಸೈಜ್ ಎನ್ವಿರಾನ್ಮೆಂಟ್ ಒಳಗಿಂದು ಎಣಿಸೋದಿಲ್ಲ, ಅದಕ್ಕ ಸೀರಿಯಲೈಸ್ ಮಾಡಿ ಬಂದದ್ದರ ಲೆಂತ್ ನೋಡ್ರಿ, ಅದೇ ಖರೇ ಅಳತಿ. ಫಾರ್ಮುಲಾನ ಫಂಕ್ಷನ್ ಹೊರಗ, ಸ್ಕ್ರಿಪ್ಟಿನ ಮ್ಯಾಲೇ ಬರೆದು ಒಳಗ ಕಳಿಸಿದ್ರ ಮುಗೀತು, ಫಂಕ್ಷನ್ ಹೊರಗ ಬರೆದದ್ದು ಇರೋ ಗ್ಲೋಬಲ್ ಎನ್ವಿರಾನ್ಮೆಂಟಿಗೆ ಆರ್ ಬರೀ ಒಂದು ಗುರುತು ಹಾಕ್ತದ, ಒಳಗಿಂದು ಬರಿಯೋದಿಲ್ಲ. ಭವಿಷ್ಯದ ಅಂದಾಜು ಬೇಡ ಅಂದ್ರ ಕೋಎಫಿಷಿಯೆಂಟ್ (ಮಾಡೆಲ್ ಲೆಕ್ಕ ಹಾಕಿ ಕೊಟ್ಟ ಅಂಕಿ) ಅಷ್ಟೇ ಇಟ್ಕೊಂಡ್ರೂ ನಡೀತದ.

ಫ್ಯಾಕ್ಟರ್ ಮಾಡೋರಿಗೆ ಒಂದು ಮಾತು. ಮಸ್ಕಿ, ಸಿರವಾರ ಹೊಸ ತಾಲೂಕು ಆದ್ವಲ್ಲ, ಹಳೇ ವರ್ಷದ ಪಟ್ಟಿಯಾಗ ಅವಿಲ್ಲ. ಎರಡು ಫ್ಯಾಕ್ಟರ್‌ನ ಆರ್‌ನ ಸಿ, ಅಂದ್ರ c() ಫಂಕ್ಷನ್‌ನಿಂದ ಜೋಡಿಸೋದಿದ್ರ ಆರ್ ವರ್ಷನ್ ನೋಡ್ಕೋರಿ, 2021ರಾಗ ಬಂದ 4.1.0ಕ್ಕಿಂತ ಹಳೇದಿದ್ರ ಹೆಸರು ಹೋಗಿ ಬರೀ ನಂಬರ್ ಉಳೀತಾವ.