ಮಿಲ್ಲಿನ ಜನರೇಟರ್ ಬಿಸಿಯಾಗಿ ನಿಲ್ಲುತ್ತಿದೆಯಾ? ಮೊದಲು ಕೋಣೆಯ ಗಾಳಿ ನೋಡಿ

ಏಪ್ರಿಲ್ ಕೊನೆ, ಮಧ್ಯಾಹ್ನ 3 ಗಂಟೆ. ಕರೆಂಟ್ ಹೋಗಿದೆ, ಮಿಲ್ಲು ಜನರೇಟರ್ ಮೇಲೆ ಓಡುತ್ತಿದೆ. ಮುಕ್ಕಾಲು ಗಂಟೆಗೆ ಪ್ಯಾನೆಲ್ ಮೇಲೆ ಕೆಂಪು ದೀಪ ಹತ್ತಿ ಇಂಜಿನ್ ತಾನೇ ಬಂದ್. ಎಲಿವೇಟರ್ ಬಕೆಟ್‌ಗಳಲ್ಲಿ ಭತ್ತ ತುಂಬಿಕೊಂಡು ನಿಂತಿರುತ್ತದೆ, ಪಾಲಿಶರ್‌ನಲ್ಲಿ ಅಕ್ಕಿ ಅರ್ಧಕ್ಕೆ ಸಿಕ್ಕಿರುತ್ತದೆ, ಹೊರಗೆ ಲಾರಿಯವನು ಹಾರ್ನ್ ಹೊಡೆಯುತ್ತಿರುತ್ತಾನೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೇ ಬೆಳೆಯ ಭತ್ತ ಮಿಲ್ಲಿಗೆ ಬರುವುದೂ, ಬಿಸಿಲು 40 ಡಿಗ್ರಿ ದಾಟುವುದೂ ಒಂದೇ ಸಮಯಕ್ಕೆ.

ಆಗ ಎಲ್ಲರೂ ಇಂಜಿನ್ ಮೇಲೆ ಬೀಳುತ್ತಾರೆ. ವಾಟರ್ ಪಂಪ್ ಬಿಚ್ಚುತ್ತಾರೆ, ನೀರಿನ ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಕಿತ್ತು ಎಸೆಯುತ್ತಾರೆ (ದಯವಿಟ್ಟು ಇದನ್ನು ಮಾಡಬೇಡಿ, ಇಂಜಿನ್‌ಗೆ ಸರಿಯಾದ ಬಿಸಿಯೂ ಬೇಕು), ಇಂಜಿನ್ ನೀರು ತಣಿಸುವ ರೇಡಿಯೇಟರ್ ಬದಲಿಸುತ್ತಾರೆ. ಸಾವಿರಾರು ರೂಪಾಯಿ ಹೋಗುತ್ತದೆ, ಮತ್ತೆ ಮಾರನೇ ದಿನ 3 ಗಂಟೆಗೆ ಅದೇ ಕೆಂಪು ದೀಪ. ಮಿಲ್ಲುಗಳ ಜನರೇಟರ್ ರಿಪೇರಿ ಮಾಡಿಕೊಂಡು ಬಂದವನು ನಾನು. ನನ್ನ ಅನುಭವದಲ್ಲಿ ಇಂಥ ಕಡೆ ಇಂಜಿನ್ ಚೆನ್ನಾಗಿಯೇ ಇರುತ್ತದೆ, ಅದನ್ನು ಕೂಡಿ ಹಾಕಿದ ಕೋಣೆ ಕೆಟ್ಟಿರುತ್ತದೆ. ತಣ್ಣನೆ ಗಾಳಿಗೆ ಒಳಗೆ ಬರಲು ದಾರಿ ಇರುವುದಿಲ್ಲ, ಬಿಸಿ ಗಾಳಿ ಹೊರಗೆ ಹೋಗಿ ಮತ್ತೆ ಸುತ್ತಿ ಒಳಗೇ ಬರುತ್ತಿರುತ್ತದೆ.

ಮೊದಲು ಶಾಖದ ಲೆಕ್ಕ. ನೀವು ಹಾಕಿದ ಡೀಸೆಲ್‌ನಲ್ಲಿರುವ ಶಕ್ತಿಯಲ್ಲಿ ಹೆಚ್ಚು ಕಡಿಮೆ ಮೂರನೇ ಒಂದು ಭಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಸೈಲೆನ್ಸರ್‌ನಲ್ಲಿ ಹೊಗೆಯ ಜೊತೆ ಹೋಗುತ್ತದೆ, ಮತ್ತೊಂದು ಪಾಲು ರೇಡಿಯೇಟರ್ ಮೂಲಕ. ಉಳಿದ ಸ್ವಲ್ಪ ಇಂಜಿನ್ ಮೈಯಿಂದ, ಆಲ್ಟರ್ನೇಟರ್‌ನಿಂದ (ಕರೆಂಟ್ ಹುಟ್ಟಿಸುವ ಭಾಗ), ಬಿಸಿ ಪೈಪಿನಿಂದ ಕೋಣೆಗೇ ಇಳಿಯುತ್ತದೆ. ಸ್ವಲ್ಪ ಅಂದರೂ 125 ಕೆವಿಎ (ಜನರೇಟರ್ ಶಕ್ತಿಯ ಅಳತೆ) ಸೆಟ್‌ನಲ್ಲಿ ಅದು 10 ಕಿಲೋವ್ಯಾಟ್ ಇರಬಹುದು, ಅಂದರೆ 1,000 ವ್ಯಾಟ್‌ನ ಹತ್ತು ಹೀಟರ್‌ಗಳನ್ನು ಕೋಣೆಯಲ್ಲಿ ಹಚ್ಚಿಟ್ಟ ಹಾಗೆ. ಅಷ್ಟು ಶಾಖ ಇದ್ದೂ ಗಾಳಿ 10 ಡಿಗ್ರಿಗಿಂತ ಜಾಸ್ತಿ ಬಿಸಿಯಾಗಬಾರದು ಅಂದರೆ ನಿಮಿಷಕ್ಕೆ ಸುಮಾರು 54 ಘನ ಮೀಟರ್ ಗಾಳಿ ಹರಿಯಬೇಕು. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯಲ್ಲಿ ಹಿಡಿಸುವ ಗಾಳಿಯೇ 34 ಘನ ಮೀಟರ್. ಆ ಕೋಣೆಯ ಪೂರ್ತಿ ಗಾಳಿ ನಿಮಿಷಕ್ಕೆ ಒಂದೂವರೆ ಸಲಕ್ಕಿಂತ ಜಾಸ್ತಿ ಬದಲಾಗಬೇಕು ಅಂತ ಆಯಿತು. ರೇಡಿಯೇಟರ್‌ಗೆ ಬೇಕಾದ ಗಾಳಿ ಇದಕ್ಕಿಂತ ಎಷ್ಟೋ ಜಾಸ್ತಿ. ಒಂದು ಸಣ್ಣ ಕಿಟಕಿಯಿಂದ ಇದು ಆಗುವ ಮಾತಲ್ಲ, ಅಲ್ವಾ?

  

ಏನನ್ನಾದರೂ ಒಡೆಯುವ ಮುಂಚೆ ಒಂದು ಮಧ್ಯಾಹ್ನ ಅಳತೆಗೆ ಇಟ್ಟುಕೊಳ್ಳಿ. ಜನರೇಟರ್ ಮೇಲೆ ದಿನದ ಲೋಡ್ ಹಾಕಿ ಒಂದು ಗಂಟೆ ಓಡಿಸಿ. ಗಾಳಿಯ ಬಿಸಿ ಅಳೆಯುವ ಒಂದು ಸಾದಾ ಥರ್ಮಾಮೀಟರ್ ತಗೊಂಡು ನಾಲ್ಕು ಕಡೆ ನೋಡಿ ಬರೆದುಕೊಳ್ಳಿ: ಹೊರಗೆ ನೆರಳಿನಲ್ಲಿ, ಏರ್ ಫಿಲ್ಟರ್ ಬಾಯಿಯ ಹತ್ತಿರ, ರೇಡಿಯೇಟರ್ ಫ್ಯಾನ್‌ಗೆ ಗಾಳಿ ಹೋಗುವ ಬದಿಯಲ್ಲಿ, ಕೋಣೆಯ ಮೇಲ್ಭಾಗದಲ್ಲಿ ತಗಡಿನ ಕೆಳಗೆ. ಹೊರಗೆ 41 ಇದ್ದು ಫಿಲ್ಟರ್ ಹತ್ತಿರ 48 ಇದ್ದರೆ ಪರವಾಗಿಲ್ಲ. 55, 58 ತೋರಿಸಿದರೆ ಕಾಯಿಲೆ ಕೋಣೆಯದ್ದು. ಓಡುವ ಫ್ಯಾನ್ ಹತ್ತಿರ ಕೈ ಚಾಚಬೇಡಿ, ಥರ್ಮಾಮೀಟರನ್ನು ಉದ್ದದ ಕೋಲಿಗೆ ಕಟ್ಟಿ ಹಿಡಿಯಿರಿ, ಟವೆಲ್ಲು, ಲುಂಗಿ ತುದಿ ಎಲ್ಲ ಬಿಗಿಯಾಗಿ ಕಟ್ಟಿರಲಿ.

ಎರಡನೇ ಪರೀಕ್ಷೆ ಬಾಗಿಲಿನದು. ನನಗೆ ಇದರ ಮೇಲೆ ಥರ್ಮಾಮೀಟರ್‌ಗಿಂತ ನಂಬಿಕೆ ಜಾಸ್ತಿ. ಇಂಜಿನ್ ಓಡುವಾಗ ಹೊರಗೆ ನಿಂತು, ಹೊರಕ್ಕೆ ತೆರೆಯುವ ಬಾಗಿಲನ್ನು ಎಳೆದು ನೋಡಿ. ಅದು ಚೌಕಟ್ಟಿಗೆ ಅಂಟಿಕೊಂಡಂತೆ ಇದ್ದು, ಸ್ವಲ್ಪ ಬಿರುಕು ಬಿಟ್ಟ ಕೂಡಲೇ ಗಾಳಿ ಸುಯ್ ಅಂತ ಒಳಗೆ ನುಗ್ಗಿ ಹೊಸ್ತಿಲ ಮೇಲಿನ ತೌಡಿನ ಧೂಳನ್ನು ಎಳೆದುಕೊಂಡು ಹೋದರೆ, ಒಳಗೆ ಬರುವ ಗಾಳಿಗೆ ಜಾಗ ಸಾಲುತ್ತಿಲ್ಲ. ಬಾಗಿಲನ್ನು ಪೂರ್ತಿ ತೆಗೆದು 15 ನಿಮಿಷ ಬಿಟ್ಟು ಇಂಜಿನ್ ನೀರಿನ ಬಿಸಿ ನೋಡಿ. ಇಳಿಯಿತು ಅಂದರೆ ಮತ್ತೆ ಯೋಚಿಸುವುದೇ ಬೇಡ.

ಎಷ್ಟು ಸಾಲುತ್ತಿಲ್ಲ ಅಂತ ಅಳೆಯಬೇಕಾ? ಗೌಂಡಿಗಳು ಮಟ್ಟ ನೋಡುವ ಪಾರದರ್ಶಕ ಪೈಪ್ ಇರುತ್ತದಲ್ಲ, ಅದನ್ನು ತಗೊಳ್ಳಿ. ಒಂದು ಹಲಗೆಗೆ ಯು ಆಕಾರದಲ್ಲಿ ಕಟ್ಟಿ ಅರ್ಧದವರೆಗೆ ನೀರು ಹಾಕಿ. ಹಲಗೆ ಹೊರಗೇ ಇರಲಿ. ಪೈಪಿನ ಒಂದು ತುದಿಯನ್ನು ಗೋಡೆಯ ಸಂದಿಯಿಂದ ಕೋಣೆಯೊಳಗೆ ಬಿಡಿ, ಫ್ಯಾನ್‌ನ ಗಾಳಿ ನೇರ ಹೊಡೆಯದ ಜಾಗದಲ್ಲಿ. ಬಾಗಿಲು ಹಾಕಿ ಇಂಜಿನ್ ಓಡಿಸಿದರೆ ಒಂದು ಕಡೆ ನೀರು ಏರಿ ಇನ್ನೊಂದು ಕಡೆ ಇಳಿಯುತ್ತದೆ. ಆ ವ್ಯತ್ಯಾಸವೇ ಕೋಣೆಯ ಎಳೆತ. ರೇಡಿಯೇಟರ್ ಫ್ಯಾನ್ ದಾಟಬಹುದಾದ ಅಡ್ಡಿ ಬಹಳ ಸೆಟ್‌ಗಳಲ್ಲಿ 12 ಮಿಲಿಮೀಟರ್ ನೀರಿನ ಆಸುಪಾಸು ಇರುತ್ತದೆ, ನಿಮ್ಮ ಸೆಟ್‌ನ ಪುಸ್ತಕದಲ್ಲಿ ಸರಿಯಾದ ಅಂಕಿ ಸಿಗುತ್ತದೆ. ಆ ಮಿತಿಯೊಳಗೆ ಗಾಳಿ ಬರುವ ದಾರಿ, ಹೋಗುವ ದಾರಿ ಎರಡೂ ಸೇರಬೇಕು. ಒಳಗೆ ಬರುವುದರಲ್ಲೇ 10 ತಿಂದು ಹಾಕಿದರೆ ಫ್ಯಾನ್ ಏನು ಮಾಡೀತು? 10 ಮಿಲಿಮೀಟರ್ ಅಂದರೆ 7 ಅಡಿ ಎತ್ತರ 3 ಅಡಿ ಅಗಲದ ಬಾಗಿಲಿನ ಮೇಲೆ ಸುಮಾರು 20 ಕಿಲೋ ಭಾರ ಒತ್ತಿದ ಹಾಗೆ. ಬಾಗಿಲು ಅಂಟಿಕೊಳ್ಳುವುದು ಅದಕ್ಕೇ.

ಈಗ ಕೆಲಸ. ಸಾಮಾನ್ಯ ಜನರೇಟರ್‌ನಲ್ಲಿ ಫ್ಯಾನ್ ಗಾಳಿಯನ್ನು ಇಂಜಿನ್ ಕಡೆಯಿಂದ ತಗೊಂಡು ರೇಡಿಯೇಟರ್ ಮೂಲಕ ಹೊರಕ್ಕೆ ನೂಕುತ್ತದೆ. ಹಾಗಾಗಿ ತಣ್ಣನೆ ಗಾಳಿ ಆಲ್ಟರ್ನೇಟರ್ ಹಿಂದಿನ ಗೋಡೆಯಿಂದ, ಕೆಳಮಟ್ಟದಲ್ಲಿ ಬರಬೇಕು. ಮೊದಲು ಆಲ್ಟರ್ನೇಟರ್, ಆಮೇಲೆ ಇಂಜಿನ್ ಮೈ, ಕೊನೆಗೆ ರೇಡಿಯೇಟರ್, ಅಲ್ಲಿಂದ ನೇರ ಹೊರಗೆ. ರೇಡಿಯೇಟರ್ ಪಕ್ಕದ ಗೋಡೆಯಲ್ಲೇ ಕಿಟಕಿ ಇಟ್ಟರೆ ಗಾಳಿ ಹತ್ತಿರದ ದಾರಿ ಹಿಡಿದು ಫ್ಯಾನ್‌ಗೆ ಹೋಗಿಬಿಡುತ್ತದೆ, ಆಲ್ಟರ್ನೇಟರ್ ಕಡೆ ಝಳ ಹಾಗೇ ನಿಂತಿರುತ್ತದೆ. ಒಂದು ಊದುಬತ್ತಿ ಹಚ್ಚಿ ಕಿಟಕಿ ಬಾಗಿಲುಗಳ ಹತ್ತಿರ, ಮೂಲೆಗಳಲ್ಲಿ ಹಿಡಿದರೆ ಹೊಗೆ ಎತ್ತ ಹೋಗುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಡೀಸೆಲ್ ಟ್ಯಾಂಕ್, ಬ್ಯಾಟರಿ ಇರುವ ಕಡೆ ಮಾತ್ರ ಬೆಂಕಿ ಒಯ್ಯಬೇಡಿ, ಅಲ್ಲಿ ಕೋಲಿಗೆ ಕಟ್ಟಿದ ತೆಳು ದಾರ ಸಾಕು.

ಅಳತೆಗೆ ನಾನು ಇಟ್ಟುಕೊಂಡ ಲೆಕ್ಕ ಹೀಗಿದೆ. ರೇಡಿಯೇಟರ್ ಜಾಲದ ಅಳತೆಗೆ ಹೊರಗೆ ಹೋಗುವ ಬಾಯಿ ಒಂದೂಕಾಲು ಪಟ್ಟು, ಒಳಗೆ ಬರುವ ಬಾಯಿ ಒಂದೂವರೆ ಪಟ್ಟು, ಅದೂ ತೆರೆದ ಜಾಗ ಲೆಕ್ಕ ಹಾಕಿ. ಜನ ಸೋಲುವುದು ಇಲ್ಲೇ. 3 ಅಡಿಗೆ 3 ಅಡಿ ರೇಡಿಯೇಟರ್ ಅಂದರೆ 9 ಚದರ ಅಡಿ, ಒಳಬಾಯಿ 13.5 ಚದರ ಅಡಿ ತೆರೆದಿರಬೇಕು. ಆದರೆ ಮಳೆ ಬಾರದಂತೆ ಓರೆ ಪಟ್ಟಿ ಹಾಕಿ, ಅದರ ಹಿಂದೆ ಜಾಲರಿಯನ್ನೂ ಹೊಡೆದರೆ ಅರ್ಧ ಜಾಗ ಮುಚ್ಚಿಹೋಗುತ್ತದೆ. ಅಂದರೆ ಗೋಡೆಯಲ್ಲಿ 27 ಚದರ ಅಡಿ ಒಡೆಯಬೇಕು, 6 ಅಡಿಗೆ ನಾಲ್ಕೂವರೆ ಅಡಿ. ಅಷ್ಟು ದೊಡ್ಡದಾ ಅಂತ ಎಲ್ಲರೂ ಕೇಳುತ್ತಾರೆ. ಹೌದು, ಅಷ್ಟು ದೊಡ್ಡದೇ. ಒಡೆಯುವ ಮುಂಚೆ ಗೌಂಡಿಯನ್ನು ಕರೆಸಿ ಮೇಲೆ ಲಿಂಟಲ್ ಹಾಕಿಸಿ.

ಸೊಳ್ಳೆ ಜಾಲರಿ ಬೇಡವೇ ಬೇಡ. ಮಿಲ್ಲಿನ ಆವರಣದಲ್ಲಿ ತೌಡಿನ ಧೂಳು ಅದನ್ನು ಬಹಳ ಬೇಗ ಹಿಟ್ಟು ಮೆತ್ತಿದ ಬಟ್ಟೆಯಂತೆ ಮಾಡುತ್ತದೆ. ಇಲಿ, ಹಕ್ಕಿ ಬಾರದ ಹಾಗೆ ಅರ್ಧ ಇಂಚಿನ ವೆಲ್ಡ್ ಮೆಶ್ ಸಾಕು. ಧೂಳು ತಪ್ಪಿಸಬೇಕು ಅಂದರೆ ಒಳಬಾಯಿಯನ್ನು ಹೊಟ್ಟಿನ ರಾಶಿಯಿಂದ ದೂರದ ಗೋಡೆಗೆ ಇಡಿ, ನೆಲದಿಂದ ಒಂದೆರಡು ಅಡಿ ಮೇಲಿರಲಿ.

ಇನ್ನು ರೇಡಿಯೇಟರ್ ಮತ್ತು ಗೋಡೆಯ ನಡುವಿನ ಸಂದು. ಬಹಳ ಮಿಲ್ಲುಗಳಲ್ಲಿ ರೇಡಿಯೇಟರ್ ಗೋಡೆಯಿಂದ ಒಂದೂವರೆ ಅಡಿ ದೂರ ನಿಂತು, ಗೋಡೆಯ ತೂತಿನ ಕಡೆಗೆ ಬರೀ ಮುಖ ಮಾಡಿಕೊಂಡಿರುತ್ತದೆ. ಬಿಸಿ ಗಾಳಿಯಲ್ಲಿ ಒಂದು ಪಾಲು ಗೋಡೆಗೆ ಬಡಿದು ಬದಿಯಿಂದ ಹಿಂದಕ್ಕೆ ಬಂದು ಮತ್ತೆ ಫ್ಯಾನ್ ಬಾಯಿಗೇ ಬೀಳುತ್ತದೆ. ಅದೇ ಗಾಳಿ ಸುತ್ತಿ ಸುತ್ತಿ ಕಾಯುತ್ತಾ ಹೋಗುತ್ತದೆ. ತಗಡಿನ ಡಕ್ಟ್ (ಗಾಳಿ ಹೋಗುವ ಕೊಳವೆ) ಮಾಡಿಸಿ ಆ ಸಂದನ್ನು ಪೂರ್ತಿ ಮುಚ್ಚಿ. ಡಕ್ಟ್ ಮತ್ತು ರೇಡಿಯೇಟರ್ ನಡುವೆ ಒಂದು ಗೇಣು ಅಗಲದ ದಪ್ಪ ಕ್ಯಾನ್‌ವಾಸ್ ಕೊಡಿಸಿ, ಇಲ್ಲದಿದ್ದರೆ ಇಂಜಿನ್ ನಡುಕಕ್ಕೆ ತಗಡು ಸೀಳುತ್ತದೆ. ನಾಲ್ಕೂ ಬದಿ, ಕೆಳಗಿನದೂ ಸೇರಿ. ಕೆಳಗಡೆ ಯಾರೂ ಬಗ್ಗಿ ನೋಡುವುದಿಲ್ಲ, ಆದರೆ ಅಲ್ಲಿಂದಲೇ ಎಷ್ಟೋ ಬಿಸಿ ವಾಪಸ್ ಬರುತ್ತದೆ. ಇಷ್ಟೆಲ್ಲದರಲ್ಲಿ ಒಂದೇ ಕೆಲಸಕ್ಕೆ ದುಡ್ಡಿದೆ ಅಂದರೆ ಇದನ್ನೇ ಮಾಡಿಸಿ ಅನ್ನುತ್ತೇನೆ.

ಎಕ್ಸಾಸ್ಟ್ ಫ್ಯಾನ್ ವಿಷಯ ಹೇಳಲೇಬೇಕು. ಒಂದು ಮಿಲ್ಲಿನಲ್ಲಿ ಕೋಣೆ ಕಾಯುತ್ತಿದೆ ಅಂತ ಮೇಲ್ಗೋಡೆಗೆ ಎರಡು ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿಸಿದರು, ಹಾಕಿಸಿ ಅಂದವನು ನಾನೇ. ಮಾರನೇ ದಿನ ಜನರೇಟರ್ ಇನ್ನೂ ಬೇಗ ನಿಂತಿತು. ಒಳಬಾಯಿ ಮೊದಲೇ ಸಣ್ಣದು, ಬರುತ್ತಿದ್ದ ಅಷ್ಟಿಷ್ಟು ಗಾಳಿಯನ್ನೂ ಆ ಫ್ಯಾನ್‌ಗಳು ಮೇಲಕ್ಕೆ ಎಳೆದುಕೊಂಡವು, ರೇಡಿಯೇಟರ್‌ಗೆ ಬರಗಾಲ. ಅವನ್ನು ಬಂದ್ ಮಾಡಿ, ಹಿಂದಿನ ಗೋಡೆ ಒಡೆಸಿ, ಡಕ್ಟ್ ಕೂರಿಸಿದ ಮೇಲೆ ಅದೇ ಇಂಜಿನ್ ಅದೇ ಲೋಡ್‌ನಲ್ಲಿ ಬೇಸಿಗೆ ಪೂರ್ತಿ ಓಡಿತು. ಒಳಬಾಯಿ ಸಾಕಷ್ಟು ಇದ್ದರೆ ಮಾತ್ರ ಮೇಲಿನ ಫ್ಯಾನ್, ಅದೂ ಇಂಜಿನ್ ನಿಂತ ಮೇಲೆ ಉಳಿದ ಝಳ ತೆಗೆಯಲು ಒಳ್ಳೆಯದು.

ಸೈಲೆನ್ಸರ್ ಪೈಪ್ ಕೋಣೆಯೊಳಗೆ ಎಷ್ಟು ಅಡಿ ಓಡುತ್ತದೋ ಅಷ್ಟಕ್ಕೂ ಶಾಖ ತಡೆಯುವ ರಾಕ್ ವೂಲ್ (ಕಲ್ಲಿನ ಉಣ್ಣೆ, ಕುರಿಯದಲ್ಲ) ಸುತ್ತಿಸಿ, ಮೇಲೆ ಅಲ್ಯೂಮಿನಿಯಂ ತಗಡು ಹಾಕಿಸಿ. ಗೋಣಿಚೀಲ ಸುತ್ತಿದ್ದನ್ನು ನೋಡಿದ್ದೇನೆ, ಅದು ಬೆಂಕಿಗೆ ಕೊಟ್ಟ ಕರೆ. ಟರ್ಬೊ, ಮ್ಯಾನಿಫೋಲ್ಡ್ (ಇಂಜಿನ್‌ನಿಂದ ಹೊಗೆ ಮೊದಲು ಹಾಯುವ ಭಾಗಗಳು) ಮೇಲೆ ಮಾತ್ರ ಕಂಪನಿ ಪುಸ್ತಕ ಒಪ್ಪದೆ ಏನೂ ಸುತ್ತಬೇಡಿ, ಲೋಹ ಅತಿಯಾಗಿ ಕಾಯುತ್ತದೆ. ಪೈಪಿನ ಜಾಯಿಂಟ್‌ಗಳಲ್ಲಿ ಕಪ್ಪು ಮಸಿ ಕಂಡರೆ ಅಲ್ಲಿ ಹೊಗೆ ಸೋರುತ್ತಿದೆ, ಅದನ್ನು ಮೊದಲು ಸರಿಮಾಡಿ. ಆ ಹೊಗೆಯಲ್ಲಿ ಮನುಷ್ಯನನ್ನು ಕೊಲ್ಲುವ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

ರೇಡಿಯೇಟರ್ ತೊಳೆಯುವುದರಲ್ಲೂ ಒಂದು ಕ್ರಮ ಇದೆ. ಗಾಳಿ ಒಳಗಿನಿಂದ ಹೊರಗೆ ಹೋಗುವುದರಿಂದ ಕೊಳೆ ಕೂರುವುದು ಒಳಬದಿಯಲ್ಲಿ, ಫ್ಯಾನ್ ಕಡೆ. ಹೊರಗಿನಿಂದ ನೋಡಿದರೆ ಫಳಫಳ ಅನ್ನುತ್ತದೆ, ಟಾರ್ಚ್ ಹಿಡಿದು ಒಳಗೆ ನೋಡಿದರೆ ಕಂಬಳಿ ಹೊದ್ದಂತೆ ಇರುತ್ತದೆ. ಇಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪಿನಿಂದ ಬರುವ ಎಣ್ಣೆ ಮಂಜು ರೇಡಿಯೇಟರ್‌ನ ತೆಳು ತಗಡಿನ ಫಿನ್‌ಗಳಿಗೆ ಅಂಟುತ್ತದೆ, ಅದರ ಮೇಲೆ ತೌಡು ಕೂತು ರೊಟ್ಟಿ ಹಿಟ್ಟಿನ ಹಾಗೆ ಗಟ್ಟಿಯಾಗುತ್ತದೆ. ಬೆರಳಿನಿಂದ ಕೆರೆದರೆ ಪದರ ಪದರವಾಗಿ ಏಳುತ್ತದೆ. ಇಂಜಿನ್ ಪೂರ್ತಿ ಆರಿದ ಮೇಲೆ, ಬ್ಯಾಟರಿ ತಂತಿ ಬಿಚ್ಚಿ, ಆಲ್ಟರ್ನೇಟರ್‌ಗೆ ಪ್ಲಾಸ್ಟಿಕ್ ಹೊದಿಸಿ, ಫಿನ್‌ಗಳನ್ನು ಸೋಪಿನ ನೀರಿನಿಂದ ನೆನೆಸಿ, ಹೊರಗಿನಿಂದ ಒಳಕ್ಕೆ ಮೆತ್ತಗೆ ನೀರು ಬಿಡಿ. ಕಾರ್ ತೊಳೆಯುವ ಜೋರು ಪಂಪ್ ಹಿಡಿದರೆ ಫಿನ್ ಮಡಚಿಕೊಂಡು ಶಾಶ್ವತವಾಗಿ ದಾರಿ ಮುಚ್ಚುತ್ತದೆ. ಬ್ರೀದರ್ ಪೈಪನ್ನು ಉದ್ದ ಮಾಡಿಸಿ ಕೋಣೆಯ ಹೊರಗೆ ಬಿಡಿ, ನಡುವೆ ಎಲ್ಲೂ ಜೋತು ಬೀಳದಂತೆ ಇಳಿಜಾರು ಇರಲಿ.

ಏರ್ ಫಿಲ್ಟರ್‌ಗೆ ಹೊರಗಿನ ಗಾಳಿ ಕೊಡುವುದೂ ಒಳ್ಳೆಯದು. 35 ಡಿಗ್ರಿ ಗಾಳಿಗಿಂತ 55 ಡಿಗ್ರಿ ಗಾಳಿ ಸುಮಾರು 6 ಶೇಕಡಾ ತೆಳು, ಅಷ್ಟು ಕಡಿಮೆ ಗಾಳಿಯಲ್ಲಿ ಇಂಜಿನ್ ಅದೇ ಲೋಡ್ ಎಳೆಯಬೇಕು, ಕಪ್ಪು ಹೊಗೆ ಜಾಸ್ತಿಯಾಗುತ್ತದೆ. ಫಿಲ್ಟರ್ ಬಾಯಿಗಿಂತ ಸಣ್ಣ ಪೈಪ್ ಹಾಕಬೇಡಿ, ಬೆಂಡ್ ಕಡಿಮೆ ಇರಲಿ, ಹೊರಗಿನ ತುದಿಗೆ ಮಳೆ ಟೋಪಿ.

ನಮ್ಮ ಕಡೆ ಗಾಳಿ ಋತುವಿನ ಮಾತು ಬೇರೆ. ಕೊಪ್ಪಳದ ಕಡೆ ಗಾಳಿ ಗಿರಣಿಗಳನ್ನು ಸುಮ್ನೆ ನಿಲ್ಲಿಸಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ, ನೈಋತ್ಯದಿಂದ ಜೋರು ಗಾಳಿ ಬೀಸುತ್ತದೆ. ರೇಡಿಯೇಟರ್ ಬಾಯಿ ಆ ದಿಕ್ಕಿಗಿದ್ದರೆ ಫ್ಯಾನ್ ನೂಕಿದ್ದನ್ನು ಹೊರಗಿನ ಗಾಳಿ ವಾಪಸ್ ನೂಕುತ್ತದೆ. ಹೊಸದಾಗಿ ಕಟ್ಟುವವರು ಬಿಸಿ ಬಾಯಿಯನ್ನು ಪೂರ್ವಕ್ಕೆ ಇಡಿ. ಕಟ್ಟಿ ಆಗಿದ್ದರೆ ಬಾಯಿಯ ಮುಂದೆ ಒಂದು ಅಡ್ಡಗೋಡೆ ಕಟ್ಟಿಸಿ, ಆದರೆ ಹತ್ತಿರ ಬೇಡ, ನಾನು ರೇಡಿಯೇಟರ್ ಎತ್ತರದ ಎರಡು ಪಟ್ಟಾದರೂ ಜಾಗ ಬಿಡಿಸುತ್ತೇನೆ. ಆ ಜಾಗದಲ್ಲಿ ಖಾಲಿ ಚೀಲ, ಹಳೆ ಡ್ರಮ್ ಪೇರಿಸಬೇಡಿ ಅಂತ ಹಮಾಲರಿಗೂ ಹೇಳಿಡಿ.

ಕ್ಯಾನೋಪಿ (ಸದ್ದು ತಡೆಯಲು ಜನರೇಟರ್ ಸುತ್ತ ಇರುವ ತಗಡಿನ ಪೆಟ್ಟಿಗೆ) ಇರುವ ಸೆಟ್ ಆದರೆ ಅದಕ್ಕೆ ನೀವೇ ತೂತು ಹೊಡೆಯಬೇಡಿ. ಸದ್ದು 1 ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು ಅನ್ನುವ ನಿಯಮಕ್ಕೆ ತಕ್ಕಂತೆ ಅದನ್ನು ಕಟ್ಟಿರುತ್ತಾರೆ. ಬಾಗಿಲು ತೆರೆದಿಟ್ಟು ಓಡಿಸುವುದೂ ತಪ್ಪು, ಗಾಳಿ ಅಡ್ಡದಾರಿ ಹಿಡಿದು ಆಲ್ಟರ್ನೇಟರ್ ಕಾಯುತ್ತದೆ. ಕ್ಯಾನೋಪಿಯ ಬಾಯಿಗಳ ಮುಂದೆ ಜಾಗ ಖಾಲಿ ಇರಲಿ, ಒಳಗಿನ ಜಾಲ ಸ್ವಚ್ಛ ಇರಲಿ, ಅಷ್ಟೇ.

ಎಲ್ಲ ಮುಗಿದ ಮೇಲೆ ಅದೇ ಲೋಡ್, ಅದೇ 3 ಗಂಟೆ ಬಿಸಿಲಿನಲ್ಲಿ ಆ ನಾಲ್ಕು ಜಾಗಗಳಲ್ಲಿ ಮತ್ತೆ ಅಳೆಯಿರಿ. ಹಳೆಯ ಅಂಕಿಗಳ ಪಕ್ಕದಲ್ಲೇ ಹೊಸದನ್ನು ಪ್ಯಾನೆಲ್ ಬಾಗಿಲಿನ ಒಳಗೆ ಬರೆದು ಅಂಟಿಸಿ, ಮುಂದಿನ ಬೇಸಿಗೆಯಲ್ಲಿ ಆಪರೇಟರ್ ಬದಲಾಗಿದ್ದರೂ ಅವನಿಗೆ ಎಷ್ಟಿರಬೇಕು ಅನ್ನುವುದು ಗೊತ್ತಾಗುತ್ತದೆ.