ದುಬೈಗೆ ಮುಂಚೆ ಚೀಲ ಬಿಚ್ಚಿಸಿ: ನನ್ನ ಅನುಭವ

ಮೈಸೂರಿನಿಂದ ಹಿರಿಯರ ತಂಡಗಳನ್ನು ದುಬೈಗೆ ಕರೆದೊಯ್ಯುತ್ತೇನೆ. ಅಲ್ಲಿಗೆ ಒಯ್ಯಬಾರದ್ದು ಏನಾದರೂ ಇದೆಯಾ ಅಂತ ನೋಡಲು, ಹೊರಡುವ ಮುಂಚೆ ಮನೆಮನೆಗೆ ಹೋಗಿ ಚೀಲ ಬಿಚ್ಚಿಸುತ್ತೇನೆ ಅಂದಾಗ ಜೊತೆಯ ಏಜೆಂಟರು "ಯಾರ ಕೈಲಾಗುತ್ತೆ ಸ್ವಾಮಿ?" ಅಂದಿದ್ದರು. ಈಗ ಅವರೇ ಫೋನ್ ಮಾಡಿ ವಿಚಾರಿಸುತ್ತಾರೆ.

ಮೊದಲು ನಾಲ್ಕೈದು ಸಾವಿರ ಸುರಿದು ಒಯ್ಯಬಾರದ ಸಾಮಾನಿನ ಪಟ್ಟಿ ಅಚ್ಚು ಹಾಕಿಸಿದ್ದೆವು. ಗಸಗಸೆ ಬೇಡ ಅಂತ ದಪ್ಪಕ್ಷರದಲ್ಲೇ ಇತ್ತು. ಪೊಟ್ಟಣವನ್ನೇನೋ ಎಲ್ಲರೂ ಬಿಟ್ಟರು, ಆದರೆ ಅಲ್ಲಿರುವ ಮಗಳಿಗೆಂದು ಕಜ್ಜಾಯ ತಂದರು, ಮೈತುಂಬ ಗಸಗಸೆ! ಬಿಸಿಬೇಳೆಬಾತ್ ಪುಡಿಯಲ್ಲೂ ಅದೇ. ದುಬೈ ಇರುವ ಯುಎಇ ದೇಶದಲ್ಲಿ ಗಸಗಸೆ ನಿಷಿದ್ಧ, ಅಡುಗೆ ಸಾಮಾನು ಅಂದರೆ ಕೇಳುವುದಿಲ್ಲ. ವೀಳ್ಯದೆಲೆಗೂ ಅದೇ ಗತಿ. ಆಮೇಲೆ ವಿಡಿಯೋ ಕಾಲ್‌ನಲ್ಲಿ ನೋಡಿದೆವು. ಮೇಲಿನ ಸೀರೆ ಕಂಡಿತು, ಅಡಿಯ ಡಬ್ಬಿ ಕಾಣಲಿಲ್ಲ. ಅದಕ್ಕೇ ಮನೆಗೇ ಹೋಗತೊಡಗಿದೆ.

ನಿಜವಾದ ತಲೆನೋವು ಮಾತ್ರೆಗಳದು. ಸಕ್ಕರೆ ಕಾಯಿಲೆಯವರ ಕಾಲುರಿಗೆ ನಮ್ಮ ವೈದ್ಯರು ಸಲೀಸಾಗಿ ಬರೆಯುವ ಪ್ರಿಗ್ಯಾಬಲಿನ್ ಅಲ್ಲಿ ನಿಯಂತ್ರಿತ ಔಷಧಿ. ನೋವಿಗೆ ಕೊಡುವ ಟ್ರಮಡಾಲ್ ಮತ್ತು ಕೋಡೀನ್ ಇರುವ ಕೆಮ್ಮಿನ ಸಿರಪ್ ಕೂಡ. ಇವಕ್ಕೆ ಆನ್‌ಲೈನಿನಲ್ಲಿ ಮೊದಲೇ ಅನುಮತಿ ಪಡೆಯಬೇಕು, ಅದೂ ಸುಮಾರು 30 ದಿನಕ್ಕಾಗುವಷ್ಟಕ್ಕೆ. ಮಾಮೂಲಿ ಮಾತ್ರೆಯಾದರೆ 3 ತಿಂಗಳವರೆಗೆ ನಡೆಯುತ್ತದೆ. ಒಬ್ಬ ಮಧ್ಯವರ್ತಿ ಅರಬ್ಬಿ ಅನುವಾದ, ನೋಟರಿ ಅಂತ ತಲೆಗೆ ಮೂರು ಸಾವಿರದ ಹತ್ತಿರ ಕಿತ್ತ. ಅದು ದಂಡದ ಖರ್ಚು. ಇಂಗ್ಲಿಷಿನಲ್ಲಿ ವೈದ್ಯರ ಚೀಟಿ, ಬ್ರ್ಯಾಂಡ್ ಹೆಸರಿನ ಜೊತೆ ಮೂಲ ಔಷಧಿಯ ಹೆಸರು, ಕತ್ತರಿಸದ ಸ್ಟ್ರಿಪ್ ಇದ್ದರೆ ನನ್ನ ತಂಡಗಳ ಕೆಲಸ ಆಗಿದೆ. ವಾರದ ಡಬ್ಬಿಗೆ ಬಿಡಿಸಿ ತುಂಬಿದ ಮಾತ್ರೆ ಕಂಡರೆ ನಾನೇ ಚೀಲದಿಂದ ತೆಗೆಸುತ್ತೇನೆ.

ಚೀಲ ಬಿಚ್ಚಿಸುವ ಕ್ರಮವಿದೆ. ಯಾವ ಡಬ್ಬಿ ಮೊದಲು ಕೇಳಬೇಕು, ಯಾರನ್ನು ಕೇಳಬೇಕು ಅನ್ನುವುದು ನನ್ನ ಹೊಟ್ಟೆಪಾಡು, ಅದನ್ನಿಲ್ಲಿ ಬರೆಯುವುದಿಲ್ಲ. ಒಂದು ಮನೆಗೆ ಮುಕ್ಕಾಲು ಗಂಟೆ, ಪೆಟ್ರೋಲ್ ಸೇರಿ ಇನ್ನೂರು ರೂಪಾಯಿ ಆಗಬಹುದು. ಅಲ್ಲೇ ಮೆಟ್ರೋ ವಿಷಯವನ್ನೂ ಹೇಳಿಬಿಡುತ್ತೇನೆ: ಒಳಗೆ ತಿಂದರೆ, ಗಂಡಸರು ಹೆಂಗಸರ ಬೋಗಿ ಹತ್ತಿದರೆ 100 ದಿರ್ಹಮ್ ದಂಡ. ಗುರುತಿಲ್ಲದವರ ಫೋಟೋ ಅನುಮತಿಯಿಲ್ಲದೆ ತೆಗೆದರೆ ಕೇಸೇ ಆಗಬಹುದು.

ಈ ನಡುವೆ ನಮ್ಮ ಮನೆಯವರು ಗಸಗಸೆ ಬದಲು ಬಿಳಿ ಎಳ್ಳು ಒತ್ತಿ ಕಜ್ಜಾಯ ಮಾಡಿ ನೋಡಿದರು. ಎರಡನೇ ಸಲಕ್ಕೆ ಹದ ಬಂತು. ಬಾತ್ ಪುಡಿಗೆ ಗಸಗಸೆ ಬಿಟ್ಟು ಕೊಬ್ಬರಿ ಹೆಚ್ಚಿಸಿದ್ದೇವೆ. ಘಮ ಇನ್ನೂ ಕೂಡಿಲ್ಲ, ಮರಾಠಿ ಮೊಗ್ಗು ಒಂದೆರಡು ಜಾಸ್ತಿ ಹಾಕಿ ನೋಡಬೇಕು.