ಡೆಸ್ಕ್‌ಟಾಪ್‌ನ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವ ಕ್ರಮ

ಆನ್ ಮಾಡಿದ ಮೇಲೆ ಕೆಲಸಕ್ಕೆ ಸಿದ್ಧವಾಗಲು ಹಲವು ನಿಮಿಷ ಹಿಡಿಯುವ ಹಳೆಯ ಡೆಸ್ಕ್‌ಟಾಪ್‌ನಲ್ಲಿ, ಬಹಳಷ್ಟು ಸಲ ತಡವಾಗುವುದು ಹಾರ್ಡ್ ಡಿಸ್ಕ್‌ನಿಂದಲೇ. ಅದರೊಳಗಿನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗಿದರೂ ಒಂದು ಸುತ್ತಿಗೆ ಸುಮಾರು 8 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗಕ್ಕೆ ಓದುವ ಮುಳ್ಳು ಸರಿಯಲು ಇನ್ನಷ್ಟು ಹೊತ್ತು ಬೇಕು. ವಿಂಡೋಸ್ ತೆರೆದುಕೊಳ್ಳುವಾಗ ಸಾವಿರಾರು ಸಣ್ಣ ಫೈಲ್‌ಗಳನ್ನು ಓದಬೇಕಾಗುವುದರಿಂದ ಈ ಚಿಕ್ಕ ಕಾಯುವಿಕೆಗಳೆಲ್ಲ ಸೇರಿ ನಿಮಿಷಗಳಾಗುತ್ತವೆ. ಮಾಹಿತಿಯನ್ನು ಮೆಮೊರಿ ಚಿಪ್‌ಗಳಲ್ಲಿ ಇಡುವ ಎಸ್‌ಎಸ್‌ಡಿಯಲ್ಲಿ (ಸಾಲಿಡ್ ಸ್ಟೇಟ್ ಡ್ರೈವ್) ತಿರುಗುವ ಭಾಗವೇ ಇಲ್ಲ.

ಕೊಳ್ಳುವ ಮೊದಲು ಮದರ್‌ಬೋರ್ಡ್‌ನ (ಎಲ್ಲ ಭಾಗಗಳೂ ಜೋಡಣೆಯಾಗುವ ಮುಖ್ಯ ಬೋರ್ಡ್) ಕೈಪಿಡಿಯನ್ನು ತೆರೆದು ನೋಡಬೇಕು. 2.5 ಇಂಚಿನ ಸಾಟಾ ಎಸ್‌ಎಸ್‌ಡಿಯನ್ನು ಸಾಟಾ ಪೋರ್ಟ್ (ಡ್ರೈವ್‌ನ ಕೇಬಲ್ ಜೋಡಿಸುವ ಕಿಂಡಿ) ಇರುವ ಯಾವ ಕಂಪ್ಯೂಟರ್‌ಗಾದರೂ ಜೋಡಿಸಬಹುದು. ಅದರ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 550 ಮೆಗಾಬೈಟ್. ಚಿಕ್ಕ ಕಾರ್ಡ್‌ನಂಥ ಎಸ್‌ಎಸ್‌ಡಿಯನ್ನು ಬೋರ್ಡ್‌ಗೇ ತೂರಿಸುವ ಎಂ.2 ಸ್ಲಾಟ್ ಇದ್ದರೆ ಅದು ಸಾಟಾ ಬಗೆಯನ್ನು ಒಪ್ಪುತ್ತದೆಯೋ, ಅದಕ್ಕಿಂತ ವೇಗದ ಎನ್‌ವಿಎಂಇ ಬಗೆಯನ್ನೋ, ಎರಡನ್ನೂ ಒಪ್ಪುತ್ತದೆಯೋ ಎಂಬುದು ಕೈಪಿಡಿಯಲ್ಲೇ ಇರುತ್ತದೆ. ನೋಡಲು ಎರಡೂ ಒಂದೇ ತೆರನಾಗಿರುವುದರಿಂದ ಕಣ್ಣಳತೆಯನ್ನು ನಂಬಿ ಕೊಳ್ಳಬಾರದು. ಎಂ.2 ಸ್ಲಾಟ್ ಬಳಸಿದಾಗ ಒಂದೆರಡು ಸಾಟಾ ಪೋರ್ಟ್‌ಗಳು ಕೆಲಸ ಮಾಡದಿರುವ ಬೋರ್ಡ್‌ಗಳೂ ಉಂಟು. ಹಳೆಯ ಯಂತ್ರಕ್ಕೆ ಸಾಟಾ ಸಾಕು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ದಿನನಿತ್ಯದ ಕೆಲಸದಲ್ಲಿ ಹಾರ್ಡ್ ಡಿಸ್ಕ್‌ನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಕಾಣುವ ವ್ಯತ್ಯಾಸ, ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಕಾಣುವುದಿಲ್ಲ.

ಈ ಕೆಲಸದಲ್ಲಿ ನಿಜವಾದ ಎಚ್ಚರ ಬೇಕಾದದ್ದು ಸ್ಕ್ರೂ ಬಿಚ್ಚುವಾಗಲ್ಲ, ಮಾಹಿತಿಯನ್ನು ನಕಲು ಮಾಡುವಾಗ. ಫೋಟೋ, ದಾಖಲೆ ಮುಂತಾದ ಮತ್ತೆ ಸಿಗದ ಫೈಲ್‌ಗಳನ್ನು ಮೊದಲು ಬೇರೊಂದು ಡ್ರೈವ್‌ಗೆ ಬ್ಯಾಕಪ್ ಮಾಡಿ, ಅವುಗಳಲ್ಲಿ ನಾಲ್ಕಾರನ್ನು ಅಲ್ಲಿಂದಲೇ ತೆರೆದು ನೋಡಿ. ಹಳೆಯ ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಕೆಟ್ಟ ಸೆಕ್ಟರ್‌ಗಳು (ಓದಲಾಗದ ಭಾಗಗಳು) ಕಂಡುಬಂದರೆ, ಇಡೀ ಡಿಸ್ಕ್ ಅನ್ನು ಕ್ಲೋನ್ (ಇದ್ದಂತೆಯೇ ನಕಲು) ಮಾಡುವ ಹಟ ಬಿಟ್ಟು, ಬೇಕಾದ ಫೈಲ್‌ಗಳನ್ನಷ್ಟೇ ಉಳಿಸಿಕೊಂಡು ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಅನ್ನು ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಲೇಸು. ಡಿಸ್ಕ್‌ಗೆ ಬೀಗ ಹಾಕಿ ಗೂಢಲಿಪಿಯಲ್ಲಿಡುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ಕ್ಲೋನ್ ಮಾಡುವ ಮೊದಲು ಬಿಟ್‌ಲಾಕರ್ ಅನ್ನು ಆಫ್ ಮಾಡಿ, ಡಿಸ್ಕ್ ಪೂರ್ತಿ ಡಿಕ್ರಿಪ್ಟ್ ಆಗುವವರೆಗೆ ಕಾಯಬೇಕು.

ಕಂಪ್ಯೂಟರ್ ಆರಿಸಿ, ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಅನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಕೈಯಲ್ಲಿನ ಸ್ಥಿರ ವಿದ್ಯುತ್ ಹೋಗಲು ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ. ಸಾಟಾ ಕೇಬಲ್‌ನ ಬಾಯಿಯೊಳಗೆ ಇಂಗ್ಲಿಷಿನ ಎಲ್ ಅಕ್ಷರದಂತೆ ಬಾಗಿದ ಸೀಳು ಇರುತ್ತದೆ: ಅದು ಡ್ರೈವ್‌ನ ಬಾಗಿಗೆ ಹೊಂದಿದಾಗ ಹಗುರವಾಗಿಯೇ ಒಳಗೆ ಕೂರುತ್ತದೆ, ಬಲ ಹಾಕಬೇಕೆನಿಸಿದರೆ ತಿರುವುಮುರುವಾಗಿದೆ ಎಂದೇ ಅರ್ಥ. ಎಂ.2 ಕಾರ್ಡ್ ಅನ್ನು ಓರೆಯಾಗಿ ತೂರಿಸಿದಾಗ ಅದರ ಇನ್ನೊಂದು ತುದಿ ತಾನಾಗಿ ಮೇಲೆದ್ದು ನಿಲ್ಲುತ್ತದೆ. ಅದನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು ಸಣ್ಣ ಸ್ಕ್ರೂ ಹಾಕಬೇಕು.

ಹಳೆಯದು, ಹೊಸದು ಎರಡನ್ನೂ ಜೋಡಿಸಿಕೊಂಡು ಕಂಪ್ಯೂಟರ್ ಆನ್ ಮಾಡಿ, ಕ್ಲೋನ್ ತಂತ್ರಾಂಶವನ್ನು ತೆರೆಯಿರಿ. ಎಸ್‌ಎಸ್‌ಡಿ ತಯಾರಕರು ಕೊಡುವ ತಂತ್ರಾಂಶವೂ ಆಗುತ್ತದೆ, ಉಚಿತವಾಗಿ ಸಿಗುವ, ಪೆನ್‌ಡ್ರೈವ್‌ನಿಂದ ಶುರುಮಾಡುವ ಕ್ಲೋನ್‌ಜಿಲ್ಲಾ ಕೂಡ ಆಗುತ್ತದೆ. ಎಸ್‌ಎಸ್‌ಡಿಯ ಸಾಮರ್ಥ್ಯ ಹಳೆಯ ಡಿಸ್ಕ್‌ಗಿಂತ ಕಡಿಮೆಯಿದ್ದರೆ ಕ್ಲೋನ್‌ಜಿಲ್ಲಾ ಸಾಮಾನ್ಯವಾಗಿ ಒಪ್ಪುವುದಿಲ್ಲವಾದ್ದರಿಂದ, ಹಳೆಯ ಡಿಸ್ಕ್‌ನ ಪಾರ್ಟಿಷನ್ (ಡಿಸ್ಕ್‌ನಲ್ಲಿ ವಿಂಗಡಿಸಿದ ಭಾಗ) ಅನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಮೊದಲೇ ಕುಗ್ಗಿಸಿಕೊಳ್ಳಬೇಕು. ಸಿ ಡ್ರೈವ್ ಒಂದನ್ನೇ ನಕಲು ಮಾಡಿದರೆ ಸಾಲದು, ಬೂಟ್ ಆಗಲು (ವಿಂಡೋಸ್ ಶುರುವಾಗಲು) ಬೇಕಾದ ಸಣ್ಣ ಪಾರ್ಟಿಷನ್‌ಗಳೂ ಬರಬೇಕು. ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಮಾಡೆಲ್ ಹೆಸರು, ಗಾತ್ರ ಎರಡನ್ನೂ ಓದಿಯೇ ಆರಿಸಿ. ಇಲ್ಲಿ ಅದಲುಬದಲಾದರೆ ಖಾಲಿ ಎಸ್‌ಎಸ್‌ಡಿಯೇ ಹಳೆಯ ಡಿಸ್ಕ್‌ನ ಮೇಲೆ ನಕಲಾಗಿ, ಇದ್ದದ್ದೆಲ್ಲ ಅಳಿಸಿಹೋಗುತ್ತದೆ.

ನಕಲು ಮುಗಿದ ಮೇಲೆ ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಹಳೆಯ ಡಿಸ್ಕ್‌ನ ಕೇಬಲ್ ತೆಗೆದು, ಎಸ್‌ಎಸ್‌ಡಿ ಒಂದನ್ನೇ ಇಟ್ಟುಕೊಂಡು ಬೂಟ್ ಮಾಡಿ. ಎರಡೂ ಇದ್ದರೆ ಕಂಪ್ಯೂಟರ್ ಹಳೆಯದರಿಂದಲೇ ಬೂಟ್ ಆಗಿ, ಕೆಲಸ ಕೈಗೂಡಿದೆ ಎಂಬ ತಪ್ಪು ನಂಬಿಕೆ ಹುಟ್ಟಬಹುದು. ಬೂಟ್ ಆಗದಿದ್ದರೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್) ಬೂಟ್ ಕ್ರಮವನ್ನು ನೋಡಿ, ಆದರೆ ಸಾಟಾ ಮೋಡ್ ಅನ್ನು ಮುಟ್ಟಬೇಡಿ. ಅದನ್ನು ಬದಲಾಯಿಸಿದರೆ ಚೆನ್ನಾಗಿದ್ದ ವಿಂಡೋಸ್ ಕೂಡ ನೀಲಿ ಪರದೆಯಲ್ಲಿ ನಿಂತುಬಿಡಬಹುದು.

ಎಸ್‌ಎಸ್‌ಡಿಗೆ ಡಿಫ್ರಾಗ್ (ಚದುರಿದ ಫೈಲ್ ತುಣುಕುಗಳನ್ನು ಒಟ್ಟುಗೂಡಿಸುವುದು) ಬೇಡ. ವಿಂಡೋಸ್‌ನ ಆಪ್ಟಿಮೈಸ್ ಡ್ರೈವ್ಸ್ ಕಿಟಕಿಯಲ್ಲಿ ಅದು ಸಾಲಿಡ್ ಸ್ಟೇಟ್ ಡ್ರೈವ್ ಎಂದು ಕಾಣಿಸಿಕೊಂಡಿದ್ದರೆ, ಅಲ್ಲಿ ಮುಖ್ಯವಾಗಿ ನಡೆಯುವುದು ಅಳಿಸಿದ ಜಾಗವನ್ನು ಡ್ರೈವ್‌ಗೆ ತಿಳಿಸುವ ಟ್ರಿಮ್. ಹಳೆಯ ಡಿಸ್ಕ್ ಅನ್ನು ಎರಡು ವಾರವಾದರೂ ಹಾಗೆಯೇ ಎತ್ತಿಟ್ಟು, ಆ ಅವಧಿಯಲ್ಲಿ ಯಾವ ಫೈಲೂ ಬಿಟ್ಟುಹೋಗಿಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಫಾರ್ಮ್ಯಾಟ್ ಮಾಡಿ.